ಶೋಕದ ದಿನದ ನೆನಹು

ಮನುಷ್ಯನ ಚಿತ್ತಕ್ಕೆ ಮರವು ಸಹಜವಾದುದು. ಹೋದ ವಾರ ಉಂಡ ಅಡಿಗೆ ಯಾವುದೆಂದು ಕೇಳಿದರೆ ಗೃಹಸ್ಥನು ತಡವರಿಸುತ್ತಾನೆ. ಆದರೆ ನಾಡಿಗೆ ನಾಡೇ ಅತ್ತ ದಿನವೊಂದನ್ನು ಹೆಸರಿಸಿದೊಡನೆ ಅವನ ಮುಖಭಾವವೇ ಬದಲಾಗುತ್ತದೆ. ತಾನು ನಿಂತಿದ್ದ ಜಾಗ, ಕೈಯಲ್ಲಿದ್ದ ಕೆಲಸ, ಸುದ್ದಿ ತಂದವನ ಧ್ವನಿ ಇವೆಲ್ಲವೂ ಅವನ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಈ ನೆನಹು ಹುಟ್ಟುವುದೇಕೆ? ಅದು ಎಷ್ಟರಮಟ್ಟಿಗೆ ಸತ್ಯ? ಸತ್ಯವೇ ಆದರೂ ಅದರಿಂದ ಬಾಳಿಗೆ ಒದಗುವ ಪ್ರಯೋಜನವೇನು? ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಗಳಿವು.

1948ನೆಯ ಇಸವಿ ಜನವರಿ 30, ಶುಕ್ರವಾರ. ಆ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ನಡೆಯುತ್ತಿದ್ದ ಗಾಂಧೀಜಿಯವರು ಗುಂಡಿಗೆ ಬಲಿಯಾದರು. ಬೆಂಗಳೂರಿನ ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿ ಆಗ ಆರೇ ತಿಂಗಳು ಕಳೆದಿದ್ದವು. ಬೆಂಗಳೂರಿನಲ್ಲಿ ಆಕಾಶವಾಣಿ ನಿಲಯ ಆರಂಭವಾದುದು 1955ರಲ್ಲಿ. 1948ರಲ್ಲಿ ರೇಡಿಯೊ ಇದ್ದ ಮನೆಗಳೇ ವಿರಳ. ಆದುದರಿಂದ ಅಂತಹ ವಾರ್ತೆಯು ಬಾಯಿಂದ ಬಾಯಿಗೆ, ಅಂಗಡಿಯಿಂದ ಅಂಗಡಿಗೆ ನಡೆದು ಬರಬೇಕಾಗಿತ್ತು. ಇಂದು ಪುಲಿಕೇಶಿನಗರವೆನಿಸಿರುವ ಫ್ರೇಜರ್ ಟೌನಿನಂತಹ ಕಡೆ ಕನ್ನಡ, ತಮಿಳು, ಉರ್ದು, ಇಂಗ್ಲಿಷು ನಾಲ್ಕೂ ಒಂದೇ ಬೀದಿಯ ಮಾತುಗಳು. ಕೊಂದವನು ಯಾರೆಂಬ ಒಂದೇ ಒಂದು ಸುಳ್ಳು ಮಾತು ಇಂತಹ ಬೀದಿಗಳನ್ನು ಸುಡಬಹುದಾಗಿತ್ತು. ಹಂತಕನು ಹಿಂದೂ ಎಂಬ ನಿಜವನ್ನು ಆಕಾಶವಾಣಿಯು ತಡಮಾಡದೆ ಸಾರಿದುದು ಈ ಅಪಾಯವನ್ನು ಅರಿತೇ. ಸುದ್ದಿಯನ್ನು ಕೇಳುವುದು ಒಂದು ಬಗೆ. ಕೇಳಿದ ಸುದ್ದಿಯನ್ನು ಮುಂದಕ್ಕೆ ದಾಟಿಸುವುದು ಇನ್ನೊಂದು ಬಗೆ. ಮೊದಲನೆಯದು ತಾನಾಗಿ ಒದಗುವುದು. ಎರಡನೆಯದಕ್ಕೆ ಮನುಷ್ಯನೇ ಹೊಣೆ.

ಇಂತಹ ನೆನಹು ನಮ್ಮ ನಾಡಿಗಷ್ಟೇ ಸೇರಿದುದಲ್ಲ. ಅಮೆರಿಕದ ಅಧ್ಯಕ್ಷ ಲಿಂಕನ್ನರು 1865ರಲ್ಲಿ ಹತರಾದರು. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕೋಲ್‌ಗ್ರೋವ್ ಎಂಬ ವಿದ್ವಾಂಸರು 179 ಮಂದಿಯನ್ನು ಆ ಸುದ್ದಿ ಕೇಳಿದಾಗ ಎಲ್ಲಿದ್ದಿರೆಂದು ಪ್ರಶ್ನಿಸಿ, 1899ರಲ್ಲಿ ಅದರ ಫಲವನ್ನು ಪ್ರಕಟಿಸಿದರು. 127 ಮಂದಿ ವಿವರವಾಗಿ ಉತ್ತರಿಸಿದ್ದರು. ನೆನಹು ಕಲ್ಲಿನಲ್ಲಿ ಕೊರೆದಂತಿದೆಯೆಂದೇ ಇದನ್ನು ಓದಿದವರಿಗೆ ತೋರುವುದು ಸಹಜ.

ಆದರೆ ಮುಂದೆ ನಡೆದ ಒಂದು ಪರೀಕ್ಷೆ ಈ ನಂಬಿಕೆಯನ್ನು ಅಲುಗಿಸಿತು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಎಂಬ ಅಂತರಿಕ್ಷ ನೌಕೆಯು ಆಕಾಶದಲ್ಲಿ ಸಿಡಿದು ಏಳು ಜನರು ಮಡಿದರು. ಮರುದಿನವೇ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಂದ ಸುದ್ದಿ ಕೇಳಿದ ಬಗೆಯನ್ನು ಬರೆಯಿಸಿಟ್ಟರು. ಸುಮಾರು ಎರಡೂವರೆ ವರ್ಷಗಳ ಬಳಿಕ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ ಕಾಲುಭಾಗದವರ ಉತ್ತರವು ಮುಖ್ಯ ವಿಷಯಗಳಲ್ಲೆಲ್ಲ ಮೊದಲಿನ ಬರಹಕ್ಕೆ ವಿರುದ್ಧವಾಗಿದ್ದಿತು. ಆದರೂ ಅನೇಕರು ತಮ್ಮ ನೆನಪೇ ನಿಜವೆಂದು ದೃಢವಾಗಿ ನಂಬಿದ್ದರು. ಅವರವರ ಕೈಬರಹವನ್ನೇ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಇದರಿಂದ ತಿಳಿಯುವುದೇನು? ನೆನಪು ಸ್ಪಷ್ಟವಾಗಿದೆಯೆಂಬುದು ಅದು ಸತ್ಯವೆಂಬುದಕ್ಕೆ ಪ್ರಮಾಣವಲ್ಲ. ಹೀಗೆ ತಪ್ಪಿದವನು ಸುಳ್ಳುಗಾರನೂ ಅಲ್ಲ. ತಾನು ಕಂಡುದೆಂದು ನಂಬಿಯೇ ಅವನು ನುಡಿಯುತ್ತಾನೆ. ಆದರೆ ಈ ಮಾತು ತಿಳಿದ ಮೇಲೂ ತನ್ನ ನೆನಪೇ ಸರಿಯೆಂದು ಹಟ ಹಿಡಿಯುವವನಲ್ಲಿ ಇರುವುದು ಸತ್ಯನಿಷ್ಠೆಯಲ್ಲ, ಅಹಂಕಾರ.

ಆ ನೆನಪಿನಲ್ಲಿ ನಟ್ಟನಡುವೆ ನಿಂತಿರುವವನು ಯಾರೆಂಬುದನ್ನೂ ನೋಡಬೇಕು. ಮಡಿದವನು ಎಲ್ಲೋ ದೂರದಲ್ಲಿದ್ದಾನೆ. ಚಿತ್ರದ ನಡುವೆ ಇರುವುದು ಕೇಳಿದವನ ಜಗುಲಿ, ಕೇಳಿದವನ ಕೈಯ ಲೋಟ. ಲೋಕದ ದುಃಖವು ಹೀಗೆ ‘ನನ್ನ’ ಕಥೆಯಾಗಿಬಿಡುವ ಅಪಾಯವುಂಟು. ಹಾಗೆಂದು ಇದನ್ನು ಕೇವಲ ಸ್ವಾರ್ಥವೆಂದು ತಳ್ಳಿಬಿಡುವುದೂ ನ್ಯಾಯವಲ್ಲ. ಬಂಧುವಲ್ಲದ, ಎಂದೂ ಕಣ್ಣಾರೆ ಕಾಣದ ಒಬ್ಬರ ಸಾವಿಗೆ ಗೃಹಿಣಿಯ ಕೈ ಒಲೆಯ ಮುಂದೆ ತಡೆದು ನಿಂತಿತೆಂದರೆ, ಅಷ್ಟರಮಟ್ಟಿಗೆ ಆಕೆಯ ಮನೆಯ ಗೋಡೆ ಕರಗಿತೆಂದೇ ಅರ್ಥ. ಅದು ಕರುಣೆಯ ಬೀಜ. ಬೀಜವನ್ನು ಕರಡಿಗೆಯಲ್ಲಿಟ್ಟು ಆಗಾಗ ತೆಗೆದು ನೋಡುತ್ತಿದ್ದರೆ ಬೆಳೆ ಬಾರದು.

1984ರ ಅಕ್ಟೋಬರ್ 31ನ್ನು ನೆನೆಯುವವರು ಇಂದಿಗೂ ಬಹುಮಂದಿ ಇದ್ದಾರೆ. ಅಂದು ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅವರ ಅಂಗರಕ್ಷಕರೇ ಗುಂಡಿಕ್ಕಿದರು. ಆಕಾಶವಾಣಿಯು ಮರಣವಾರ್ತೆಯನ್ನು ಅಧಿಕೃತವಾಗಿ ತಿಳಿಸಿದುದು ಸಂಜೆಗೆ. ಬೆಳಿಗ್ಗೆಯೇ ಆಕಾಶವಾಣಿಯಲ್ಲಿ ಆ ವಾರ್ತೆ ಕೇಳಿದೆನೆಂದು ಒಬ್ಬ ಹಿರಿಯರು ಹೇಳಿದರೆ ಅದೊಂದು ಸಣ್ಣ ತಪ್ಪು, ಅದನ್ನು ಕ್ಷಮಿಸಬಹುದು. ಆದರೆ ಮುಂದಿನ ದಿನಗಳಲ್ಲಿ ದೆಹಲಿಯೊಂದರಲ್ಲೇ ಎರಡು ಸಾವಿರದ ಏಳುನೂರಕ್ಕೂ ಹೆಚ್ಚು ಸಿಖ್ಖರು ಕೊಲೆಯಾದರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಕೊಂದವರಿಬ್ಬರ ಪಾಪವನ್ನು ಒಂದು ಸಮುದಾಯದ ತಲೆಗೆ ಕಟ್ಟಿದುದರ ಫಲವಿದು. ಹಲಸೂರು ಕೆರೆಯ ದಂಡೆಯಲ್ಲಿಯೂ ಸಿಖ್ಖರ ಗುರುದ್ವಾರವುಂಟು. ಪುಲಿಕೇಶಿನಗರದಿಂದ ಅಲ್ಲಿಗೆ ನಡೆದೇ ಹೋಗಬಹುದು. ಸುದ್ದಿ ಕೇಳಿದಾಗ ಎಲ್ಲಿದ್ದೆನೆಂಬುದನ್ನು ನೆನಪಿಟ್ಟವನು, ಮುಂದಿನ ಮೂರು ದಿನ ನೆರೆಯವನ ಭಯದ ಮುಂದೆ ತನ್ನ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನೂ ನೆನಪಿಟ್ಟಿರುವನೇ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಅವರವರ ಅಂತಃಸಾಕ್ಷಿಯೇ ಕೇಳಬೇಕು.

ನೆನಹು ನಡೆಯಾಗಿ ಮಾರ್ಪಟ್ಟರೆ ಎಷ್ಟು ಕಾಲ ಬಾಳುವುದೆಂಬುದಕ್ಕೆ ಪುಲಿಕೇಶಿನಗರದ ಹುಟ್ಟೇ ಒಂದು ನಿದರ್ಶನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ದಂಡಿನ ಇಕ್ಕಟ್ಟಾದ ಕೇರಿಗಳಲ್ಲಿ ಮನೆಮನೆಯಲ್ಲೂ ಹಾಹಾಕಾರ. ಆ ಪಾಠವನ್ನು ಕಲಿತು, ಜನಸಂದಣಿಯನ್ನು ಕಡಿಮೆಮಾಡಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ಮಿಸಿದ ಬಡಾವಣೆಯೇ ಇದು. ಮೈಸೂರಿನ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನು ಇದಕ್ಕೆ ಇಟ್ಟರು. ಗಾಳಿ ಬೆಳಕಿಗೆ ಎಡೆಯಿರುವ ನೇರ ಬೀದಿಗಳನ್ನೂ, ಇಲಿಗಳು ನೆಲೆಸದಂತೆ ಮನೆ ಕಟ್ಟುವ ಕ್ರಮವನ್ನೂ ಅಂದಿನವರು ಯೋಚಿಸಿದರು. ಪ್ಲೇಗಿನ ಸುದ್ದಿ ಕೇಳಿದಾಗ ತಾನೆಲ್ಲಿದ್ದೆನೆಂದು ಹೇಳಬಲ್ಲವರು ಇಂದು ಒಬ್ಬರೂ ಇಲ್ಲ. ಅವರ ನೆನಪು ಅವರೊಡನೆ ಹೋಯಿತು. ಬೀದಿಗಳು ಉಳಿದಿವೆ. ಅಲ್ಲಿ ಉಸಿರಾಡುವ ಮಗುವಿಗೆ ಆ ಶೋಕದ ಅರಿವಿಲ್ಲದಿದ್ದರೂ ಅದರಿಂದ ಹುಟ್ಟಿದ ಹಿತವು ತಲಪುತ್ತಿದೆ.

ಶರಣರ ಪರಂಪರೆಯೂ ಇದನ್ನೇ ತೋರಿಸಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕದಡಿದಾಗ ಶರಣರು ದಿಕ್ಕುದಿಕ್ಕಿಗೆ ಚೆದುರಿದರು. ಚೆನ್ನಬಸವಣ್ಣನವರು ಉಳವಿಯ ಕಡೆಗೆ ಸಾಗಿದರೆಂದು ಪ್ರತೀತಿ. ಅದಕ್ಕಿಂತ ದೊಡ್ಡ ಶೋಕದ ದಿನ ಅವರಿಗೆ ಇನ್ನಾವುದಿದ್ದೀತು? ಆದರೆ ಆ ಪರಂಪರೆಯವರು ತಲೆಯಿಂದ ತಲೆಗೆ ಜೋಪಾನ ಮಾಡಿದುದು ವಚನಗಳ ಓಲೆಗರಿಯ ಕಟ್ಟುಗಳನ್ನು. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸುವವರೆಗೆ ಮಠಗಳಲ್ಲಿಯೂ ಮನೆಗಳಲ್ಲಿಯೂ ಆ ಕಟ್ಟುಗಳನ್ನು ಕಾದವರಲ್ಲಿ ಹೆಸರಿಲ್ಲದ ಗೃಹಸ್ಥರು ಎಷ್ಟೋ ಮಂದಿ.

ಆದುದರಿಂದ ಮಕ್ಕಳು ಮೊಮ್ಮಕ್ಕಳು ‘ಆ ದಿನ ನೀವೆಲ್ಲಿದ್ದಿರಿ?’ ಎಂದು ಕೇಳಿದಾಗ ಹಿರಿಯರು ಹೇಳಬೇಕು, ಹೇಳದೆ ಇರಬಾರದು. ‘ನನಗೆ ನೆನಪಿರುವ ಮಟ್ಟಿಗೆ’ ಎಂಬ ವಿನಯದ ಮಾತನ್ನು ಮೊದಲು ಸೇರಿಸಲಿ. ಮಡಿದವರ ಬಾಳು ಎಂತಹುದಿತ್ತೆಂಬುದನ್ನು ತಮ್ಮ ಕಥೆಗಿಂತ ಹೆಚ್ಚಾಗಿ ತಿಳಿಸಲಿ. ಬಳಿಕ ತಾವು ಯಾರ ಕಣ್ಣೀರನ್ನು ಒರೆಸಿದೆವೆಂಬುದನ್ನೂ ಹೇಳಲಿ. ಹೇಳಲು ಏನೂ ಇಲ್ಲವಾದರೆ ಅಂದು ಮಾಡಬೇಕಾಗಿದ್ದುದನ್ನು ಇಂದು ತಮ್ಮ ನೆರೆಯಲ್ಲಿ ನೊಂದಿರುವ ಒಬ್ಬರಿಗೆ ಮಾಡಲಿ. ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಅದು.