ರಾತ್ರಿ ಮಲಗುವ ಮುಂಚೆ

ಬೆಳಿಗ್ಗೆ ಹಲ್ಲುಜ್ಜದೆ ಕಾಫಿ ಮುಟ್ಟಬಾರದು ಎಂಬ ಶಿಸ್ತು ನಮಗೆಲ್ಲ ಚಿಕ್ಕಂದಿನಲ್ಲೇ ಬಂದುಬಿಡುತ್ತದೆ. ರಾತ್ರಿಗೆ ಮಾತ್ರ ಅಂಥ ಕಟ್ಟುನಿಟ್ಟಿಲ್ಲ. ಊಟ ಮುಗಿಸಿ, ಸಕ್ಕರೆ ಹಾಕಿದ ಹಾಲು ಕುಡಿದು ಹಾಸಿಗೆಗೆ ಒರಗಿದ ಮೇಲೆ ಮತ್ತೆ ಎದ್ದು ಬಚ್ಚಲಿಗೆ ಹೋಗುವುದು ನನಗೆ ಇಂದಿಗೂ ಕಷ್ಟವೇ. ಆಗೆಲ್ಲ ನೆನಪಾಗುವವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್.

ಆತ ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುತ್ತಿದ್ದ, ಕಡ್ಡಿಯಿಂದ ಸಂದುಗಳನ್ನು ಬಿಡಿಸುತ್ತಿದ್ದ, ಬಟ್ಟೆಯಿಂದ ಒರೆಸುತ್ತಿದ್ದ. ಅಷ್ಟಾದರೂ ಹಲ್ಲುಗಳ ನಡುವೆ ಕಲಸಿದ ಹಿಟ್ಟಿನಂಥ ಬಿಳಿ ಪದಾರ್ಥ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ತಾನೇ ಮಾಡಿದ ಮಸೂರದಲ್ಲಿ ನೋಡಿದರೆ ಪುಟ್ಟ ಜೀವಿಗಳ ಓಡಾಟ! 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನು ಬರೆದು ತಿಳಿಸಿದ. ಹುಟ್ಟಿದಾಗಿನಿಂದ ಹಲ್ಲು ತೊಳೆಯದ ಮುದುಕನೊಬ್ಬನ ಬಾಯಿಯದನ್ನೂ ಪರೀಕ್ಷಿಸಿದ. ಅಲ್ಲಿ ಆ ಜೀವಿಗಳ ಸಂದಣಿ ಹೇಳತೀರದು. ಅಷ್ಟು ಜತನದ ಮನುಷ್ಯನ ಬಾಯಲ್ಲೇ ಹಾಗಿದ್ದರೆ ನಮ್ಮ ಉದಾಸೀನಕ್ಕೆ ಏನು ಹೇಳೋಣ?

ಉಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ತೆಳು ಪೊರೆ ಕಟ್ಟುತ್ತವೆ. ಆತ ಕಂಡ ಪುಟ್ಟ ಜೀವಿಗಳು, ಅಂದರೆ ಬ್ಯಾಕ್ಟೀರಿಯಾ, ಹಿಡಿದುಕೊಳ್ಳುವುದು ಆ ಪೊರೆಯನ್ನು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು ಸಕ್ಕರೆಯಿಂದಲೇ ಅಂಟು ತಯಾರಿಸಿಕೊಂಡು ಗಟ್ಟಿಯಾಗಿ ಕೂರುತ್ತದೆ, ಜೊತೆಗೆ ಆಮ್ಲವನ್ನೂ ಬಿಡುತ್ತದೆ. ಆಮ್ಲ ಹೆಚ್ಚಿ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಪದರವಾದ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಜೊಲ್ಲು ಇದನ್ನು ಸರಿಪಡಿಸಲು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬೇಕು. ನಿದ್ದೆಯಲ್ಲಿ ಜೊಲ್ಲೇ ತೀರಾ ಕಡಿಮೆ. ಬಾಯಿ ಮುಕ್ಕಳಿಸಿದರೆ ಸಾಕು ಎನ್ನುವವರಿಗೆ ಗಟ್ಟಿಯಾಗಿಯೇ ಹೇಳುತ್ತೇನೆ: ಸಾಲದು. ಆ ಅಂಟು ನೀರಿಗೆ ಬಿಡುವುದಿಲ್ಲ, ಉಜ್ಜಿಯೇ ತೆಗೆಯಬೇಕು.

ಆದ್ದರಿಂದ ಹಾಲು ಕುಡಿಯುವುದಿದ್ದರೆ ಮೊದಲೇ ಕುಡಿದುಬಿಡಿ. ಆಮೇಲೆ ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ, ಒಸಡಿನ ಅಂಚಿನ ತನಕ, ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ. ನೊರೆ ಉಗುಳಿದರೆ ಸಾಕು, ಪದೇ ಪದೇ ನೀರು ಹಾಕಿ ಫ್ಲೋರೈಡನ್ನೂ ತೊಳೆದುಕೊಳ್ಳಬೇಡಿ. ಸಂದುಗಳಿಗೆ ದಂತದಾರ ಬಳಸಿ, ಪಿನ್ನು ಬೇಡವೇ ಬೇಡ. ಸಿಹಿ ತಿನ್ನುವ ಆಸೆಯಾದರೆ ಊಟದ ಜೊತೆಗೇ ತಿನ್ನಿ. ಗಂಟೆಗೊಮ್ಮೆ ಸಕ್ಕರೆ ಚಹಾ ಗುಟುಕರಿಸುತ್ತಿದ್ದರೆ ಹಲ್ಲಿಗೆ ಬಿಡುವೇ ಸಿಗದು. ಮಗುವಿನ ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸುವ ತಾಯಂದಿರೇ, ದಯವಿಟ್ಟು ನಿಲ್ಲಿಸಿ.

ಹುಳುಕು ಮೊದಲು ಸುಣ್ಣದ ಬಣ್ಣದ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಆ ಹಂತದಲ್ಲಿ ಎನಾಮಲ್ ಮತ್ತೆ ಗಟ್ಟಿಯಾಗಬಲ್ಲದು, ಕುಳಿ ಬಿದ್ದ ಮೇಲೆ ತಾನಾಗಿ ತುಂಬಿಕೊಳ್ಳದು. ನೋವು ಬರಲಿ ಎಂದು ಕಾಯದೆ ದಂತವೈದ್ಯರಿಗೆ ತೋರಿಸಿಕೊಳ್ಳಿ.