ಪುಣ್ಣನ ಪಯಣ
ಅಪಾಯದ ನಾಡಿಗೆ ತಿಳಿದೂ ತಿಳಿದೂ ಹೋಗುವುದು ಧರ್ಮವೋ, ದುಡುಕೋ? ಪಾಲಿ ಭಾಷೆಯ ಬೌದ್ಧ ಗ್ರಂಥ ಮಜ್ಝಿಮ ನಿಕಾಯದ 145ನೆಯ ಸುತ್ತ (ಉಪದೇಶ) ಈ ಪ್ರಶ್ನೆಯನ್ನು ಎದುರಿಸುತ್ತದೆ.

ಭಿಕ್ಷು ಪುಣ್ಣ ಸುನಾಪರಂತ ಎಂಬ ನಾಡಿಗೆ ಹೊರಟಾಗ, ಅಲ್ಲಿನ ಜನ ಒರಟರು, ಕ್ರೂರಿಗಳು ಎಂದು ಬುದ್ಧ ಎಚ್ಚರಿಸುತ್ತಾನೆ. ಅವರು ಬೈದರೆ? ಕೈಯೆತ್ತಿ ಹೊಡೆಯಲಿಲ್ಲವಲ್ಲ, ಒಳ್ಳೆಯವರೇ ಎನ್ನುತ್ತಾನೆ ಪುಣ್ಣ. ಹೊಡೆದರೆ, ಹೆಂಟೆ ಎಸೆಯಲಿಲ್ಲವಲ್ಲ ಎಂಬ ಸಮಾಧಾನ. ಪ್ರಶ್ನೆ ಹೆಂಟೆಯಿಂದ ದೊಣ್ಣೆಗೆ, ದೊಣ್ಣೆಯಿಂದ ಕತ್ತಿಗೆ, ಕೊನೆಗೆ ಸಾವಿಗೇ ಏರಿದರೂ ಅವನ ಮನಸ್ಸು ಕದಲುವುದಿಲ್ಲ. ಆಮೇಲೆಯೇ ಬುದ್ಧ ಒಪ್ಪಿಗೆ ಕೊಡುತ್ತಾನೆ.

ಹೀಗೆ ಪರೀಕ್ಷೆಗೊಳಗಾಗುವುದು ದ್ವೇಷವಿಲ್ಲದ ತಾಳ್ಮೆ. ಸಾಹಸಪ್ರಿಯನು ಅಪಾಯವನ್ನೇ ಹುಡುಕಿಕೊಂಡು ಹೋಗುತ್ತಾನೆ. ಪುಣ್ಣ ಜನರನ್ನು ಹುಡುಕಿಕೊಂಡು ಹೋದ. ಅವನು ಅಲ್ಲಿ ಕಳೆದ ಅದೇ ಮಳೆಗಾಲದಲ್ಲಿ 500 ಉಪಾಸಕರು, 500 ಉಪಾಸಿಕೆಯರು ಧರ್ಮವನ್ನು ಸ್ವೀಕರಿಸಿದರೆಂದು ಸುತ್ತ ಹೇಳುತ್ತದೆ. ಎದುರಿನವರ ಕೇಡಿಗೂ ಮುನಿಯದ ಮನಸ್ಸಿದ್ದರೆ ಮಾತ್ರ ಅಂಥ ಪಯಣ ಧರ್ಮವಾಗುತ್ತದೆ.