ಮಾತು ನಿಂತವನ ಮನಸ್ಸು

ನಮ್ಮ ಹಳ್ಳಿಗಳಲ್ಲಿ ಒಬ್ಬನಿಗೆ ಲಕ್ವ ಹೊಡೆದು ಕೈಕಾಲು ಅಲುಗದೆ, ನಾಲಿಗೆ ತಿರುಗದೆ ಹೋದಾಗ, ಮನೆಯವರು ಅವನ ಹಾಸಿಗೆಯ ಬಳಿಯಲ್ಲೇ ಕೂತು, "ಅವಗೇನು ತಿಳೀತದ?" ಅಂದು, ಹೊಲ ಮಾರುವ ಮಾತನ್ನೂ ಮಗಳ ಮದುವೆಯ ಮಾತನ್ನೂ ಅವನನ್ನು ಕೇಳದೆ ತೀರಿಸುವದುಂಟು. ಅವರು ಅವನಿಗೆ ಉಣಿಸುತ್ತಾರೆ, ತೊಳೆಯುತ್ತಾರೆ, ಪ್ರೀತಿಗೆ ಕೊರತೆಯಿಲ್ಲ. ಆದರೂ ನಾವು ವಿಚಾರಿಸತಕ್ಕದ್ದೇನಂದರೆ, ಮಾತು ನಿಂತವನ ಇಷ್ಟವೂ ನಿಂತುಹೋಯಿತೋ?

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವದನ್ನು ನೀವು ಬಲ್ಲಿರಿ. ಕೊಂಡಿ ಕಳಚಿದರೆ ಎರಡು ಕಡೆಯ ನೂಲೂ ಕೆಟ್ಟಿತೆಂದು ಯಾರೂ ಹೇಳರು. ಕೆಲವು ರೋಗಗಳಲ್ಲಿ ಮನುಷ್ಯನ ಸ್ಥಿತಿಯೂ ಹೀಗೆಯೇ. ಮಿದುಳು 'ಏಳು' ಎಂದು ಅಪ್ಪಣೆ ಕೊಡುತ್ತದೆ, ಕೈಯೂ ಇದೆ. ನಡುವಣ ನರಮಾರ್ಗ ಮಾತ್ರ ಕಡಿದಿದೆ.

ಆ ಅಪ್ಪಣೆಯು ಬಹು ಸೂಕ್ಷ್ಮವಾದ ವಿದ್ಯುತ್ತಿನ ರೂಪದಲ್ಲಿರುತ್ತದೆ. ಜರ್ಮನಿಯ ವೈದ್ಯನಾದ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ತಲೆಯ ಮೇಲಿಂದಲೇ ಅದನ್ನು ಮೊದಲು ಗುರುತುಹಾಕಿದನು. 2004ರಲ್ಲಿ ಅಮೆರಿಕದ ವೈದ್ಯರು ಕುತ್ತಿಗೆಯಿಂದ ಕೆಳಗೆ ಚಲನೆಯಿಲ್ಲದ ಒಬ್ಬನ ಮಿದುಳಿನಲ್ಲಿ, 4 ಮಿಲಿಮೀಟರ್ ಅಗಲದ, ಕೂದಲಿನಂಥ ಸುಮಾರು 100 ಮುಳ್ಳುಗಳುಳ್ಳ ಬಿಲ್ಲೆಯನ್ನಿಟ್ಟರು. ಅವನು ಕೈಯಾಡಿಸಲು ಮನಸ್ಸು ಮಾಡಿದಾಗ ಗಣಕಯಂತ್ರದ ತೆರೆಯ ಮೇಲಿನ ಗುರುತು ಚಲಿಸಿತು. ಲಕ್ವದಿಂದ ಹೆಚ್ಚುಕಡಿಮೆ 15 ವರುಷ ಕೈಯೆತ್ತದಿದ್ದ ಒಬ್ಬ ಸ್ತ್ರೀಯು ಯಂತ್ರದ ತೋಳನ್ನು ತನ್ನ ಇಷ್ಟದಿಂದಲೇ ನಡಿಸಿ ಕಾಫಿ ಕುಡಿದ ವರ್ತಮಾನವು 2012ರಲ್ಲಿ ಪ್ರಕಟವಾಯಿತು. 2023ರಲ್ಲಿ ಮಾತು ಕಳಕೊಂಡ ಇನ್ನೊಬ್ಬಳು ನುಡಿಯಲು ಪ್ರಯತ್ನಿಸಿದ್ದನ್ನು ಯಂತ್ರವು ನಿಮಿಷಕ್ಕೆ 62 ಪದಗಳಂತೆ ಬರೆದು ತೋರಿಸಿತು.

ಈ ಯಂತ್ರವು ಅವರಿಗೆ ಹೊಸ ಮನಸ್ಸನ್ನು ಕೊಟ್ಟಿತೋ? ಇಲ್ಲ. ಇದ್ದ ಮನಸ್ಸಿಗೆ ಬಾಗಿಲು ತೆರೆಯಿತು. ಹಾಗಾದರೆ ಬಾಗಿಲು ತೆರೆಯುವದಕ್ಕಿಂತ ಮುಂಚಿನ ವರುಷಗಳಲ್ಲಿಯೂ ಒಳಗೆ ಒಬ್ಬರು ಇದ್ದರಷ್ಟೆ.

ಹೃದಯವನ್ನು ಬಲ್ಲಾತನು ದೇವರೊಬ್ಬನೇ, ಯಂತ್ರವು ಅದನ್ನು ಓದಬಹುದೋ ಎಂದು ಕೆಲವರು ಅಂಜುವರು. ಮೇಲೆ ಹೇಳಿದ ಯಂತ್ರಗಳು ಹಿಡಿದದ್ದು ಕೈಯನ್ನಾಗಲಿ ನಾಲಿಗೆಯನ್ನಾಗಲಿ ಆಡಿಸುವ ಪ್ರಯತ್ನವನ್ನೇ. ಆದರೂ ಆ ಅಂಜಿಕೆ ಬರಿದಲ್ಲ. 2025ರಲ್ಲಿ ಮನಸ್ಸಿನೊಳಗೇ ಆಡಿಕೊಂಡ ಮಾತನ್ನು ಸಹ ಸ್ವಲ್ಪ ಮಟ್ಟಿಗೆ ತಿಳುಕೊಳ್ಳಬಹುದೆಂದು ಕಂಡುಬಂತು. ಆಗ ಪಂಡಿತರು, ರೋಗಿಯು ಒಂದು ಗುಟ್ಟಿನ ಮಾತನ್ನು ನೆನೆದ ಹೊರತು ಯಂತ್ರವು ಕೆಲಸಮಾಡದ ಹಾಗೆ ಬೀಗವನ್ನೂ ಯೋಚಿಸಿದರು. ಇದಲ್ಲದೆ 2023ರ ಯಂತ್ರವು ನಾಲ್ಕು ಪದಗಳಲ್ಲಿ ಸುಮಾರು ಒಂದನ್ನು ತಪ್ಪಾಗಿ ಬರೆಯುತ್ತಿತ್ತು. ಆದದರಿಂದ ಯಂತ್ರವು ಬರೆದದ್ದೆಲ್ಲ ಅವನ ಮಾತಲ್ಲ; "ನೀನು ಹೇಳಿದ್ದು ಇದೆಯೋ?" ಎಂದು ಕೇಳಿ, ಅವನು ಒಪ್ಪಿದ ಮೇಲೆಯೇ ಅದು ಅವನದು. ಮಾತಾಡುವ ಹಕ್ಕಿನಂತೆ ಸುಮ್ಮನಿರುವ ಹಕ್ಕೂ ಅವನಿಗಿದೆ.

ಲೂಕನ ಸುವಾರ್ತೆಯಲ್ಲಿ ಜಕರೀಯನ ಸಂಗತಿಯನ್ನು ನೆನಸಿರಿ. ಅವನು ಮೂಕನಾಗಿದ್ದಾಗ ನೆರೆಯವರೂ ಬಂಧುಗಳೂ ಕೂಡಿ ಕೂಸಿಗೆ ತಂದೆಯ ಹೆಸರನ್ನೇ ಇಡಬೇಕೆಂದಿದ್ದರು. ಕಡೆಗೆ ತಂದೆಯನ್ನು ಸನ್ನೆಯಿಂದ ಕೇಳಿದರು. ಅವನು ಹಲಗೆಯನ್ನು ತರಿಸಿ ಬೇರೆ ಹೆಸರನ್ನು ಬರೆದನು. ಕೇಳದೆ ಇದ್ದಿದ್ದರೆ ಅವರ ಊಹೆಯೇ ಅವನ ಇಷ್ಟವೆಂದು ನಿಲ್ಲುತ್ತಿತ್ತು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಇದನ್ನೇ ಒಪ್ಪುತ್ತದೆ. ಪಾಲಕನನ್ನು ನೇಮಿಸಬೇಕಾಗಿ ಬಂದರೂ ಅವನು ರೋಗಿಯ ಸಂಗಡ ಕೂಡಿ, ಅವನ ಇಷ್ಟಕ್ಕನುಸಾರವಾಗಿ ನಿರ್ಣಯಿಸತಕ್ಕದ್ದೆಂದು ಅದರಲ್ಲಿ ವಿಧಿಸಿದೆ.

ಆ ಬಿಲ್ಲೆಗಳು ಬಹುಮಟ್ಟಿಗೆ ಇನ್ನೂ ಪರೀಕ್ಷೆಯಲ್ಲಿರುವವು. ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲಿನ ಸೀಮೆಯ ಬಡವನ ಮನೆಗೆ ನಾಳೆಯೇ ಬರುವಂಥವಲ್ಲ. ಆದರೆ ಹಲಗೆಯು ಇಂದೇ ಉಂಟು. ಫ್ರಾನ್ಸಿನ ಪತ್ರಿಕಾ ಸಂಪಾದಕನಾದ ಝಾನ್ ದೊಮಿನಿಕ್ ಬೋಬಿ ಎಂಬವನು 1995ರಲ್ಲಿ ಲಕ್ವದಿಂದ ಎಡಗಣ್ಣಿನ ರೆಪ್ಪೆಯ ಹೊರತು ಬೇರೇನನ್ನೂ ಬಹಳವಾಗಿ ಆಡಿಸಲಾರದವನಾದನು. ಒಬ್ಬಳು ಅಕ್ಷರಗಳನ್ನು ಓದುತ್ತಿರಲು ಅವನು ಬೇಕಾದ ಅಕ್ಷರಕ್ಕೆ ರೆಪ್ಪೆ ಬಡಿದು ಒಂದು ಪುಸ್ತಕವನ್ನೇ ಬರೆಸಿದನು. 1997ರಲ್ಲಿ ಅದು ಅಚ್ಚಾಯಿತು. ನಮ್ಮ ವರ್ಣಮಾಲೆಯಾದರೋ ಮೊದಲೇ ಸಾಲುಸಾಲಾಗಿದೆ. ಕ, ಚ, ಟ, ತ, ಪ ಎಂದು ವರ್ಗಗಳನ್ನು ಓದಿ, ರೆಪ್ಪೆ ಬಡಿದಲ್ಲಿ ನಿಂತು, ಆ ಸಾಲಿನ ಅಕ್ಷರಗಳನ್ನು ಓದಿದರೆ ಸಾಕು. ಓದು ಬಾರದವನಿಗೆ ಹೌದೆಂಬದಕ್ಕೆ ಒಂದು ಸಾರಿ, ಅಲ್ಲವೆಂಬದಕ್ಕೆ ಎರಡು ಸಾರಿ ರೆಪ್ಪೆ ಬಡಿಯುವದನ್ನು ಗೊತ್ತುಮಾಡಬಹುದು.

ಲಕ್ವ ಹೊಡೆದವರೆಲ್ಲರಿಗೂ ತಿಳುವಳಿಕೆ ಉಳಿದಿರುವದೆಂದು ನಾವು ಹೇಳುವದಿಲ್ಲ. ಅದನ್ನು ವೈದ್ಯರು ಪರೀಕ್ಷಿಸಬೇಕು. ಆದರೆ ಸಂದೇಹವಿರುವಾಗ, ಕೇಳಿಸಿಕೊಳ್ಳುವವನ ಮುಂದೆ ಆಡುವಂತೆ ಆಡುವದೇ ನ್ಯಾಯ. ತಿಳಿಯದವನನ್ನು ಕೇಳಿದರೆ ನಮಗೆ ಒಂದು ತಾಸು ನಷ್ಟ. ತಿಳಿದವನನ್ನು ಕೇಳದೆ ಹೋದರೆ ಜೀವದಿಂದಿರುವವನನ್ನು ಸತ್ತವನಾಗಿ ಎಣಿಸಿದಂತಾಗುವದು. ಆದದರಿಂದ, ಪ್ರಿಯರೇ, ನಿಮ್ಮ ಓಣಿಯಲ್ಲಿ ಇಂಥವನೊಬ್ಬನಿದ್ದರೆ ಹೋಗಿ ಅವನ ಕಣ್ಣೆದುರಿಗೆ ಕೂತು, ಅವನನ್ನೇ ಕೇಳಿರಿ. ಕೇಳಿದ ಮೇಲೆ ಉತ್ತರ ಬರುವ ವರೆಗೆ ಕಾದಿರ್ರಿ.